ದೋಣಿ ಆನೆಯ ಹಾಗೆ ಹೋಗುತ್ತದೆ

ಮೊನ್ನೆ ವಿದ್ಯಾನಗರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಪಾಸ್ ಕೇಳಿದಾಗ ನಾನು ಅವರ ಅಂಗೈಯಲ್ಲಿ ಒಂದು ಪಿಸ್ತಾಸಿಪ್ಪೆ ಇಟ್ಟೆ. ಬೇಕೆಂದು ಇಟ್ಟದ್ದಲ್ಲ. ಒಂದು ಕೈ ಮೇಲಿನ ಕಂಬಿಯಲ್ಲಿ, ಇನ್ನೊಂದು ಕೈ ಚೀಲದ ತಳದಲ್ಲಿ, ಬಸ್ಸು ತಿರುವಿನಲ್ಲಿ. ಬೆರಳಿಗೆ ಸಿಕ್ಕಿದ್ದನ್ನು ಕೊಟ್ಟುಬಿಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಸಿಪ್ಪೆಯ ಬೆನ್ನಿಗೆ ಕಪ್ಪು ಶಾಯಿಯ ಒಂದು ಗೆರೆ ಇತ್ತು.

"ಇದೆಂತ? ಒಳಗಿದ್ದದ್ದು ನೀವು ತಿಂದು ಸಿಪ್ಪೆ ನಮಗಾ?"

ಹಿಂದಿನ ಸೀಟಿನವರೆಲ್ಲ ನಕ್ಕರು. 'ಅದು ಸಿಪ್ಪೆಯಲ್ಲ, ದೋಣಿ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಮುಂದಿನ ಸ್ಟಾಪಿನಲ್ಲಿ ಇಳಿಸುತ್ತಿದ್ದರೋ ಏನೋ. ಸಿಪ್ಪೆಯನ್ನು ವಾಪಸು ಇಸಿದುಕೊಂಡು ಪಾಸ್ ತೋರಿಸಿ ಸುಮ್ಮನಾದೆ. ನಾನು ಸುಮ್ಮನಾದೆ ಎಂಬುದನ್ನು ನನ್ನನ್ನು ಬಲ್ಲವರು ನಂಬುವುದಿಲ್ಲ.

ಯಾಕೆಂದರೆ ನನಗೆ ವಾದ ಎನ್ನುವುದು ಸಣ್ಣಂದಿನ ಕಾಯಿಲೆ. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ನಮ್ಮ ಕನ್ನಡ ಟೀಚರು ನನ್ನನ್ನು ಯಾವಾಗಲೂ ವಿರೋಧ ಪಕ್ಷಕ್ಕೇ ಹಾಕುತ್ತಿದ್ದರು. 'ಮೊಬೈಲು ಮಕ್ಕಳಿಗೆ ಶಾಪ' ಎಂಬ ವಿಷಯಕ್ಕೂ ವಿರೋಧ, ಮರುವರ್ಷ 'ಮೊಬೈಲು ಮಕ್ಕಳಿಗೆ ವರ' ಎಂಬುದಕ್ಕೂ ವಿರೋಧ. ಎರಡಕ್ಕೂ ಬಹುಮಾನ ಬಂತು, ಎರಡು ಸಲವೂ ಸ್ಟೀಲಿನ ತಟ್ಟೆ. ಆ ತಟ್ಟೆಗಳಲ್ಲಿ ಉಣ್ಣುವಾಗಲೆಲ್ಲ ಮಮ್ಮಿ ನೆನಪಿಸುತ್ತಾಳೆ, "ಉಣ್ಣು, ನಿನ್ನ ಎರಡು ನಾಲಿಗೆಗೆ ಎರಡು ತಟ್ಟೆ."

ಮನೆಯಲ್ಲಿ ಸಂಜೆ ತೇರ್ಸಿನ ಹೊತ್ತಿಗೆ, ಎಂದರೆ ಜಪಮಾಲೆ ಹಿಡಿದು ಎಲ್ಲರೂ ಮೊಣಕಾಲೂರುವ ಹೊತ್ತಿಗೆ, ಒಂದು ದಿನ ನಾನು ಕೇಳಿದ್ದೆ: ಒಂದೇ ಪ್ರಾರ್ಥನೆಯನ್ನು ಐವತ್ತು ಸಲ ಯಾಕೆ ಹೇಳಬೇಕು? ಒಮ್ಮೆ ಹೇಳಿದರೆ ದೇವಮಾತೆಗೆ ಕೇಳಿಸುವುದಿಲ್ಲವೇ? ಮಮ್ಮಿ ಮಣಿ ನಿಲ್ಲಿಸದೆ ಉತ್ತರಿಸಿದಳು: "ನಿನಗೆ ಎಷ್ಟು ಸಲ ಹೇಳಿದರೆ ಕೇಳಿಸ್ತದೆ?" ನಾನು ಸೋತ ವಾದಗಳ ಪಟ್ಟಿ ಸಣ್ಣದು. ಅದರಲ್ಲಿ ಹೆಚ್ಚಿನವು ಮಮ್ಮಿಯ ಕೈಯಲ್ಲೇ. ಕಾಸರಗೋಡಿನ ಕುಂಬ್ಡಾಜೆಯ ಗುಡ್ಡದ ಮೇಲೆ ನಮ್ಮ ಮನೆ. ಒಳಗೆ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಗೆ ಹೋದರೆ ಮಲಯಾಳ. ಬಂದವರ ಮುಂದೆಲ್ಲ ಅವಳದು ಒಂದೇ ಮಾತು: "ನಮ್ಮ ರೆನಿಟಾಗೆ ನಾಲ್ಕು ಭಾಷೆ ಬರ್ತದೆ. 'ಹೌದು' ಎನ್ನುವ ಶಬ್ದ ಮಾತ್ರ ಒಂದರಲ್ಲೂ ಬರುವುದಿಲ್ಲ."

ಹಮೀದಿಚ್ಚ ನನ್ನನ್ನು ಆರಿಸಿದ್ದು ಇದೇ ಗುಣಕ್ಕೆ. ಇಚ್ಚ ಎಂದರೆ ಅವರ ಬ್ಯಾರಿ ಭಾಷೆಯಲ್ಲಿ ಅಣ್ಣ. ಅರುವತ್ತು ದಾಟಿದರೂ ಊರಿಗೆಲ್ಲ ಅವರು ಅಣ್ಣನೇ. ವಿದ್ಯಾನಗರದ ಸಿವಿಲ್ ಸ್ಟೇಷನ್ನಿನ, ಎಂದರೆ ಜಿಲ್ಲಾ ಕಚೇರಿಗಳ, ಎದುರು ಅವರದೊಂದು ಟೈಪಿಂಗ್ ಅಂಗಡಿ. ಅದರ ಮಹಡಿಯ ಮೇಲೆ, ನಾನು ಸರಕಾರಿ ಪರೀಕ್ಷೆಗೆ ತರಬೇತಿಗೆ ಹೋಗುವ ಕ್ಲಾಸು. ಕನ್ನಡದಲ್ಲಿ ಕಷ್ಟ ಹೇಳಿಕೊಂಡು ಬಂದವರಿಗೆ ಮಲಯಾಳದಲ್ಲಿ ಅರ್ಜಿ ಬರೆದುಕೊಡುವುದು ಅವರ ಕೆಲಸ. ಅದಕ್ಕೆ ಮೊದಲು ಇಪ್ಪತ್ತು ವರ್ಷ ಶಾರ್ಜಾದಲ್ಲಿ ಅರಬಿಯಲ್ಲಿ ಅರ್ಜಿ ಟೈಪು ಮಾಡಿದವರು. "ಜನರ ಕಷ್ಟ ಎಲ್ಲ ಕಡೆ ಒಂದೇ ಮೋಳೇ, ಅಲ್ಲಿ ಬಲದಿಂದ ಎಡಕ್ಕೆ ಬರೀಬೇಕು, ಅಷ್ಟೇ" ಎನ್ನುತ್ತಾರೆ. ಮೋಳೇ ಎಂದರೆ ಮಗಳೇ. ಕನ್ನಡದ ಮೊಳೆಯಲ್ಲ, ಎಂದು ಅವರೇ ಮೊದಲ ದಿನ ಸ್ಪಷ್ಟಪಡಿಸಿದ್ದರು.

ಶಬ್ದಗಳ ವಿಷಯದಲ್ಲಿ ಅವರು ಅಷ್ಟು ಜಾಗ್ರತೆ. ಒಮ್ಮೆ ಎಣ್ಮಕಜೆಯಿಂದ ಒಬ್ಬ ಹಿರಿಯರು ಯಾರೋ ಬರೆದುಕೊಟ್ಟ ಮಲಯಾಳ ಅರ್ಜಿ ಹಿಡಿದುಕೊಂಡು ಗಾಬರಿಯಲ್ಲಿ ಬಂದರು. ಅದರಲ್ಲಿ 'ಅವಸರ' ಬೇಕು ಎಂದು ಬರೆದಿತ್ತು. "ನನಗೆ ಅವಸರ ಎಂತ ಇಲ್ಲ ಸ್ವಾಮೀ. ನಿಧಾನ ಮಾಡಿ, ಆದರೆ ಮಾಡಿ ಅಂತ ಬರೀರಿ" ಎಂದು ಅವರ ಗೋಗರೆತ. ಮಲಯಾಳದಲ್ಲಿ ಅವಸರ ಎಂದರೆ ಅವಕಾಶ ಎಂದು ತಿಳಿಸಿ, ಚಾ ಕುಡಿಸಿ, ಹಮೀದಿಚ್ಚ ಅವರನ್ನು ಕಳಿಸಿಕೊಟ್ಟಿದ್ದರು. ಒಂದೇ ಶಬ್ದ, ಎರಡು ಊರು. ದಾಟುವಾಗ ಕಾಲು ನೋಡಿ ಇಡಬೇಕು ಎನ್ನುವುದು ಅವರ ಉಪದೇಶ.

ನನ್ನ ಅರ್ಜಿಯಲ್ಲಿ ಅವರು 'ವಿನಯಪೂರ್ವಕ' ಎಂದು ಬರೆದಾಗ ನಾನು ಜಗಳ ತೆಗೆದೆ. ನನ್ನ ಹಕ್ಕು ಕೇಳುವುದಕ್ಕೆ ವಿನಯ ಯಾಕೆ? ವಿನಯ ಇಲ್ಲದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ ಎಂದು ಯಾವ ನಿಯಮದಲ್ಲಿದೆ? ಹತ್ತು ನಿಮಿಷ ನಾನು ಮಾತಾಡಿದೆ, ಹಿಂದಿನವರು ಸರತಿಯಲ್ಲಿ ಕಾದರು. ಹಮೀದಿಚ್ಚ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿ, "ನಿನ್ನಂಥ ಒಬ್ಬಳನ್ನು ನಾನು ಎಷ್ಟು ವರ್ಷದಿಂದ ಹುಡುಕ್ತಾ ಇದ್ದೇನೆ!" ಎಂದರು. ಇಂಥ ಮಾತನ್ನು ನನಗೆ ಆವರೆಗೆ ಯಾರೂ ಹೇಳಿರಲಿಲ್ಲ, ಮುಂದೆ ಹೇಳುವ ಲಕ್ಷಣವೂ ಇಲ್ಲ.

ಅವರು ಪ್ರಿಂಟರಿನ ಹಿಂದಿನಿಂದ ಒಂದು ಪ್ಲೈವುಡ್ ಹಲಗೆ ಎಳೆದರು. ಚೆಸ್ ಹಲಗೆಯ ಹಾಗೆ ಚೌಕಗಳು, ಆದರೆ ಅಗಲಕ್ಕೆ ಎಂಟರ ಬದಲು ಹತ್ತು. ಮಾಮೂಲು ಕಾಯಿಗಳ ಜೊತೆ ಒಂದೊಂದು ಕಡೆಗೂ ಎರಡೆರಡು ಹೊಸ ಕಾಯಿ. ಒಂದು ಗೋಂದಿನ ಬಾಟ್ಲಿಯ ಮುಚ್ಚಳ, ಅದು ಗುಮಾಸ್ತ. ಇನ್ನೊಂದು ಪಿಸ್ತಾಸಿಪ್ಪೆ, ಅದು ದೋಣಿ; ಕಪ್ಪು ಕಡೆಯದ್ದಕ್ಕೆ ಬೆನ್ನಿನ ಮೇಲೆ ಶಾಯಿಯ ಗೆರೆ. ಗುಮಾಸ್ತ ಒಂದೊಂದೇ ಮನೆ ನಡೆಯುತ್ತಾನೆ, ಯಾರನ್ನೂ ಹೊಡೆಯುವುದಿಲ್ಲ. ಆದರೆ ಅವನು ಪಕ್ಕಕ್ಕೆ ಬಂದು ನಿಂತರೆ ಎದುರಾಳಿಯ ಕಾಯಿ ಅಲ್ಲಿಂದ ಅಲುಗುವಂತಿಲ್ಲ, ಅದು ಮಂತ್ರಿಯೇ ಆಗಿರಲಿ. "ನಾಳೆ ಬನ್ನಿ ಅಂದ ಹಾಗೆ" ಎಂದು ಹಮೀದಿಚ್ಚ ವಿವರಿಸಿದರು. ದೋಣಿ ಹೊರಡುವ ಮೊದಲು ಪಕ್ಕದಲ್ಲಿರುವ ತನ್ನವನೊಬ್ಬನನ್ನು ಹತ್ತಿಸಿಕೊಳ್ಳಬಹುದು, ತಲುಪಿದ ಮೇಲೆ ಪಕ್ಕದ ಖಾಲಿ ಮನೆಯಲ್ಲಿ ಇಳಿಸಬೇಕು.

ಈ ಆಟ ಹುಟ್ಟಿದ್ದು ಶಾರ್ಜಾದಲ್ಲಿ, ಆರು ಜನರ ಒಂದು ಕೋಣೆಯಲ್ಲಿ, ಶುಕ್ರವಾರಗಳಂದು. ಅವರ ಅಜ್ಜ ಚಂದ್ರಗಿರಿ ಹೊಳೆಯ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದವರಂತೆ. "ಅಲ್ಲಿ ನೀರು ಬಾಟ್ಲಿಯಲ್ಲಿ ಮಾತ್ರ ಇತ್ತು. ಆಸೆಗೆ ಹಲಗೆಯಲ್ಲಿ ಒಂದು ದೋಣಿ ಇಟ್ಟೆ." ಅಂದಿನಿಂದ ತಿದ್ದಿ ತಿದ್ದಿ ಇಟ್ಟುಕೊಂಡದ್ದು. ಹೆಂಡತಿಯನ್ನು ಬಿಟ್ಟರೆ ಬೇರೆಯವರಿಗೆ ತೋರಿಸಿದ್ದಿಲ್ಲ.

"ಇದು ಆಟವಾ, ನನ್ನ ಹುಚ್ಚಾ ಅಂತ ಯಾರಾದರೂ ಒಬ್ಬರು ಹೇಳಬೇಕು ಮೋಳೇ. ಚೆಸ್ಸಿನಲ್ಲಿ ದೊಡ್ಡವರು ಬೇಡ, ಅವರು ಮರ್ಯಾದೆಗೆ ಒಳ್ಳೇದುಂಟು ಅಂತಾರೆ. ನೀನು ಹಾಗೆ ಹೇಳುವವಳಲ್ಲ. ಮರ ಕಡೆಯುವ ದಾಮೋದರ ಹಲಸಿನ ತುಂಡು ಎತ್ತಿಟ್ಟಿದ್ದಾನೆ, ಆಟ ಅಂತ ನೀನು ಹೇಳಿದರೆ ಅವನ ಲೇತಿನಲ್ಲಿ ಕಾಯಿ ಮಾಡಿಸ್ತೇನೆ. ಹುಚ್ಚು ಅಂದರೆ ಬಿಟ್ಟುಬಿಡ್ತೇನೆ. ಇನ್ನು ಹೊತ್ತುಕೊಂಡು ತಿರುಗಲಿಕ್ಕೆ ಆಗುವುದಿಲ್ಲ."

ಇಷ್ಟು ದೊಡ್ಡ ಹೊರೆಯನ್ನು ಒಬ್ಬ ಮನುಷ್ಯ ಇಷ್ಟು ಸಲೀಸಾಗಿ ನನ್ನ ಕೈಗೆ ಕೊಟ್ಟಾಗ ನಾನು ಹೆದರಬೇಕಿತ್ತು. ಹೆದರಲಿಲ್ಲ. ಹಿಗ್ಗಿದೆ. ತೀರ್ಪುಗಾರ್ತಿಯ ಕುರ್ಚಿ ಎಂದರೆ ವಾದ ಮಾಡುವವರಿಗೆ ನೊಣಕ್ಕೆ ಹಲಸಿನ ಹಣ್ಣು ಸಿಕ್ಕಿದ ಹಾಗೆ.

ಚೆಸ್ ನನಗೆ ಬರುವುದು ಅಷ್ಟಕ್ಕಷ್ಟೆ. ನಮ್ಮ ಶಾಲೆಯಲ್ಲಿ ನಲ್ವತ್ತು ಮಕ್ಕಳಿಗೆ ಒಂದು ರಟ್ಟಿನ ಹಲಗೆ ಇತ್ತು. ಕಳೆದುಹೋದ ಆನೆಯ ಬದಲಿಗೆ ಒಂದು ಗೇರುಬೀಜ ಇಟ್ಟಿದ್ದೆವು. ಒಂದು ಬೇಸಗೆಯಲ್ಲಿ ಯಾರೋ ಅದನ್ನೂ ಸುಟ್ಟು ತಿಂದರು. ಆನೆಯನ್ನು ಸುಟ್ಟು ತಿಂದ ಶಾಲೆ ನಮ್ಮದೊಂದೇ ಇರಬೇಕು. ಆಟದ ಮಾಸ್ತರು ಕಲಿಸಿದ ಪದ್ಯ ಮಾತ್ರ ಇವತ್ತಿಗೂ ನಾಲಿಗೆಯಲ್ಲಿದೆ: 'ಆನೆ ನೇರ, ಒಂಟೆ ಓರೆ, ಕುದುರೆ ಹಾರಿ ಸೊಟ್ಟ.' ಅದನ್ನು ಹಾಡುತ್ತಲೇ ಕಾಯಿ ನಡೆಸುತ್ತಿದ್ದೆವು. ಹಾಡು ನಿಂತರೆ ಆಟವೂ ನಿಲ್ಲುತ್ತಿತ್ತು.

ಪರೀಕ್ಷೆ ಶಾಸ್ತ್ರೀಯವಾಗಿರಬೇಕು ಎಂದು ನಾನು ಹಟ ಹಿಡಿದೆ. ಮೊದಲ ನಿಯಮ: ಆಟ ಕಟ್ಟಿದವರು ಆಟದ ಕೋಣೆಯಲ್ಲಿ ಇರಕೂಡದು. ಅವರ ಮುಖ ನೋಡಿ ಆಡುವವರು ದಾಕ್ಷಿಣ್ಯಕ್ಕೆ ಬೀಳುತ್ತಾರೆ. ಎರಡನೇ ನಿಯಮ: ಕೈಯಲ್ಲಿ ತೋರಿಸಕೂಡದು, ಬಾಯಲ್ಲಿ ಹೇಳಬೇಕು, ನಾನು ಬರೆದುಕೊಳ್ಳುತ್ತೇನೆ.

"ಒಮ್ಮೆ ಇಟ್ಟು ತೋರಿಸ್ತೇನಲ್ಲ ಮೋಳೇ, ಎರಡು ನಿಮಿಷ" ಎಂದರು ಹಮೀದಿಚ್ಚ.

"ಬೇಡ. ಓದಿಯೇ ಅರ್ಥ ಆಗಬೇಕು. ನಾಳೆ ಈ ಆಟ ನಾಲ್ಕು ಮನೆಗೆ ಹೋದರೆ ಡಬ್ಬಿಯೊಳಗೆ ನೀವೂ ಕೂತು ಹೋಗ್ಲಿಕ್ಕೆ ಆಗ್ತದಾ?"

ಅವರು ಒಪ್ಪಿದರು. ಕಣ್ಣು ಮುಚ್ಚಿ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಒಂದೊಂದೇ ವಾಕ್ಯ ಹೇಳಿದರು. ನಾನು ಬರೆದೆ. 'ದೋಣಿ ಆನೆಯ ಹಾಗೆ ಹೋಗುತ್ತದೆ' ಎಂದರು. ಬರೆದೆ. ಕೊನೆಗೆ ಇಡೀ ಹಾಳೆಯನ್ನು ಅವರೇ ಎರಡು ಸಲ ಓದಿ, ಒಂದು ಕಾಗುಣಿತ ತಿದ್ದಿ, ಅಡಿಯಲ್ಲಿ ರುಜು ಹಾಕಿದರು. ಎರಡು ಭಾಷೆಯ ನಡುವೆ ಜೀವನ ಮಾಡಿದವರು ಪರಿಶೀಲಿಸಿದ್ದು, ಎರಡು ಸ್ಟೀಲಿನ ತಟ್ಟೆ ಗೆದ್ದವಳು ಬರೆದದ್ದು. ಅದರಲ್ಲಿ ತಪ್ಪಿರಲು ಸಾಧ್ಯವೇ?

ಮೂರು ಭಾನುವಾರ ಮಹಡಿಯ ಕ್ಲಾಸಿನ ಖಾಲಿ ಕೋಣೆಯಲ್ಲಿ ಆಟ ನಡೆಯಿತು. ಆಡಿದವರು ನನ್ನ ಜೊತೆ ಓದುವ ನವೀನ, ಅಕ್ಷತಾ ಮತ್ತು ನಾನು. ಮೂವರೂ ಕನ್ನಡ ಶಾಲೆಯವರು. ಹಮೀದಿಚ್ಚ ಕೆಳಗೆ, ಮುಚ್ಚಿದ ಅಂಗಡಿಯೊಳಗೆ ಕೂತು ಮೇಲಿನ ಕಾಲುಸಪ್ಪಳ ಕೇಳುತ್ತಿದ್ದರಂತೆ. ಮೊದಲನೇ ಆಟ ಹದಿನೈದು ನಿಮಿಷಕ್ಕೆ ಮುಗಿಯಿತು. ಎರಡನೆಯದು ಹತ್ತು. ಮೊದಲು ನಡೆದವನು ದೋಣಿಯ ಮುಂದಿನ ತನ್ನ ಕಾಲಾಳೊಂದನ್ನು ಬಲಿಕೊಟ್ಟು ದಾರಿ ಬಿಡಿಸಿಕೊಂಡರೆ ಸಾಕು; ದೋಣಿ ಮಂತ್ರಿಯನ್ನು ಹತ್ತಿಸಿಕೊಂಡು ಸೀದಾ ನುಗ್ಗಿ ಶತ್ರು ರಾಜನ ಅಂಗಳದಲ್ಲಿ ಇಳಿಸಿಬಿಡುತ್ತಿತ್ತು. ಗುಮಾಸ್ತ ಚಪ್ಪಲಿ ಹಾಕಿ ಹೊರಡುವಷ್ಟರಲ್ಲಿ ರಾಜ ಸತ್ತಿರುತ್ತಿದ್ದ. ಯಾರು ಯಾರ ಎದುರು ಆಡಿದರೂ ಇದೇ ಕತೆ. "ಒಳ್ಳೆ ಆಟ ಮಾರಾಯ್ತಿ, ಬಸ್ಸು ತಪ್ಪುವುದಿಲ್ಲ" ಎಂದ ನವೀನ.

ತೀರ್ಪು ಹೇಳಿದ ದಿನ ಚೆನ್ನಾಗಿ ನೆನಪಿದೆ. ಹಮೀದಿಚ್ಚ ಯಾರದೋ ಅರ್ಜಿಗೆ ಫೋಟೋ ಅಂಟಿಸುತ್ತಿದ್ದರು. ನಾನು ನಿಂತುಕೊಂಡೇ, ಮೂರು ನಿಮಿಷಕ್ಕೆ ಗಂಟೆ ಹೊಡೆಯುತ್ತಾರೆ ಎನ್ನುವವಳ ಹಾಗೆ, ನಾಲ್ಕು ಅಂಶಗಳಲ್ಲಿ ಮಂಡಿಸಿದೆ. ಮೊದಲು ನಡೆದವನೇ ಗೆಲ್ಲುತ್ತಾನೆ. ತಡೆಯುವ ದಾರಿ ಇಲ್ಲ. ಆದುದರಿಂದ ಇದರಲ್ಲಿ ಯೋಚನೆಗೆ ಜಾಗವಿಲ್ಲ. ಯೋಚನೆಗೆ ಜಾಗವಿಲ್ಲದ್ದು ಆಟವಲ್ಲ. ಕೊನೆಯ ವಾಕ್ಯವನ್ನು ಬಸ್ಸಿನಲ್ಲೇ ತಯಾರು ಮಾಡಿಕೊಂಡು ಬಂದಿದ್ದೆ, ಅದರ ಲಯವನ್ನು ನಾನೇ ಮೆಚ್ಚಿಕೊಂಡಿದ್ದೆ.

ಇನ್ನು ಅವರು ಎದುರುತ್ತರ ಕೊಡುತ್ತಾರೆ ಎಂದು ಸಜ್ಜಾಗಿ ನಿಂತೆ. ಉತ್ತರಕ್ಕೆ ಉತ್ತರವೂ ತಯಾರಿತ್ತು.

"ಸರಿ ಮೋಳೇ" ಎಂದರು ಹಮೀದಿಚ್ಚ. "ನೀನು ಸುಳ್ಳು ಹೇಳುವುದಿಲ್ಲ."

ಅಷ್ಟೇ. ಫೋಟೋವನ್ನು ಹೆಬ್ಬೆರಳಿನಿಂದ ಒತ್ತಿ, ಹಲಗೆಯನ್ನು ಪ್ರಿಂಟರಿನ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟರು. ನನ್ನೆದುರೇ ಲೇತಿನ ದಾಮೋದರಣ್ಣನಿಗೆ ಫೋನು ಮಾಡಿ, ಆ ಕೆಲಸ ಇಲ್ಲ, ಹಲಸಿನ ತುಂಡನ್ನು ಬೇರೆ ಯಾರಿಗಾದರೂ ಕೊಡು ಎಂದರು.

ಎದುರಾಳಿ ಎದ್ದೇ ನಿಲ್ಲದ ವಾದವನ್ನು ಗೆದ್ದರೆ ಹೇಗಿರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೆಟ್ಟಿಲು ಇದೆ ಎಂದು ಕಾಲಿಟ್ಟು ಸಮತಟ್ಟು ನೆಲ ಸಿಕ್ಕಿದಾಗ ಮೈ ಒಮ್ಮೆ ಜುಂ ಎನ್ನುತ್ತದಲ್ಲ, ಹಾಗೆ. ಅವರು ಹಾಳಾದ ಪ್ರಿಂಟುಗಳ ಹಿಂಬದಿಯಲ್ಲಿ ಯಾವಾಗಲೂ ಚೌಕ ಗೀಚುತ್ತಿದ್ದವರು. ಆಮೇಲಿನ ದಿನಗಳಲ್ಲಿ ಆ ಹಾಳೆಗಳು ಸುಮ್ಮನೆ ಬುಟ್ಟಿಗೆ ಬೀಳುತ್ತಿದ್ದವು. ನಾನು ಕ್ಲಾಸಿಗೆ ಮೆಟ್ಟಿಲು ಹತ್ತುವಾಗ ಅಂಗಡಿಯ ಕಡೆ ನೋಡದೆ ಹತ್ತತೊಡಗಿದೆ. ಹೇಳಿದ್ದು ಸತ್ಯ ತಾನೇ ಎಂದು ನನಗೆ ನಾನೇ ವಾದ ಮಂಡಿಸಿದೆ. ಸತ್ಯ ಹೇಳಿದವಳು ತಲೆ ತಗ್ಗಿಸಿ ಯಾಕೆ ಹೋಗುತ್ತಾಳೆ ಎಂದು ನನ್ನೊಳಗಿನ ವಿರೋಧ ಪಕ್ಷ ಪ್ರತಿ ಮೆಟ್ಟಿಲಿಗೂ ಕೇಳುತ್ತಿತ್ತು.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಆದಾಯ ಪತ್ರದ ಅರ್ಜಿಗಾಗಿ ಅಂಗಡಿಗೆ ಹೋಗಲೇಬೇಕಾಯಿತು. ಒಳಗೆ ಅವರ ಹೆಂಡತಿ ಐಸಮ್ಮ ಬುತ್ತಿ ತಂದಿದ್ದರು. ಅವರನ್ನು ನಾನು 'ತಾತ' ಎನ್ನುತ್ತೇನೆ. ಬ್ಯಾರಿಯಲ್ಲಿ ತಾತ ಎಂದರೆ ಅಕ್ಕ. ಒಮ್ಮೆ ಘಟ್ಟದ ಮೇಲಿನ ಗೆಳತಿಯ ಹತ್ತಿರ ಫೋನಿನಲ್ಲಿ 'ತಾತ ಬಿರಿಯಾನಿ ಮಾಡಿಕೊಟ್ಟರು' ಎಂದಾಗ ಅವಳು, 'ನಿಮ್ಮ ತಾತನಿಗೆ ಈ ವಯಸ್ಸಿನಲ್ಲೂ ಅಡುಗೆ ಮಾಡಲು ಆಗುತ್ತದಾ' ಎಂದು ಮರುಗಿದ್ದಳು.

ಬುತ್ತಿ ಪಕ್ಕಕ್ಕಿಟ್ಟು ಇಬ್ಬರೂ ಚೆಸ್ ಆಡುತ್ತಿದ್ದರು. ಮಾಮೂಲು ಚೆಸ್, ಪ್ಲಾಸ್ಟಿಕ್ಕಿನ ಮಾಮೂಲು ಕಾಯಿ. ಹಮೀದಿಚ್ಚನ ಮನಸ್ಸು ಅಲ್ಲಿರಲಿಲ್ಲ. ಐಸಮ್ಮ ಅವರ ಒಂಟೆಯನ್ನು ಹೊಡೆದು ಪಕ್ಕಕ್ಕಿಟ್ಟು, ನನಗೂ ಅರ್ಥವಾಗಲಿ ಎಂದು ಕನ್ನಡದಲ್ಲೇ ಹೇಳಿದರು: "ಹೋಯ್ತು ನೋಡು ಇವರ ಆನೆ."

"ಅದು ಆನೆಯಲ್ಲ ತಾತ, ಒಂಟೆ" ಎಂದೆ. ತಿದ್ದುವುದು ನನ್ನ ಚಾಳಿ.

"ಒಂಟೆಯಾ?" ಐಸಮ್ಮ ನಕ್ಕುಬಿಟ್ಟರು. "ಒಂಟೆ ಇವರು ಬಿಟ್ಟು ಬಂದ ಊರಲ್ಲುಂಟು. ನಮ್ಮ ಕಾಸರಗೋಡಿನಲ್ಲಿ ಎಲ್ಲಿಯ ಒಂಟೆ? ಇದು ಆನೆ."

"ಹಾಗಾದರೆ ಮೂಲೆಯದ್ದು?"

"ಅದು ತೇರು. ಇಷ್ಟೂ ಗೊತ್ತಿಲ್ವಾ ನಿನಗೆ?"

ನಾನು ಅರ್ಜಿಯನ್ನು ಮೇಜಿನ ಮೇಲಿಟ್ಟು ಹಲಗೆಯತ್ತ ಬಗ್ಗಿದೆ. ಮಲಯಾಳದಲ್ಲೂ ಬ್ಯಾರಿಯಲ್ಲೂ ಓರೆ ಹೋಗುವ ಕಾಯಿಗೇ ಆನೆ ಎನ್ನುತ್ತಾರೆ. ನೇರ ಹೋಗುವ, ನಮ್ಮ ಶಾಲೆಯ ಮಕ್ಕಳು ಸುಟ್ಟು ತಿಂದ ಆನೆ, ಅವರಿಗೆ ತೇರು. ಇಷ್ಟು ವರ್ಷ ಈ ಜಿಲ್ಲೆಯಲ್ಲಿ ಉಸಿರಾಡಿದ್ದೇನೆ, ನಾಲ್ಕು ಭಾಷೆಯಲ್ಲಿ ಜಗಳ ಮಾಡಿದ್ದೇನೆ, ಇದು ಮಾತ್ರ ನನ್ನ ಕಿವಿಗೆ ಬಿದ್ದಿರಲಿಲ್ಲ. ಚರ್ಚೆಯಲ್ಲಿ ಮೊದಲು ಕಲಿಸುವ ಪಾಠವೇ ವಾದಕ್ಕಿಳಿಯುವ ಮುಂಚೆ ಶಬ್ದದ ಅರ್ಥ ಒಪ್ಪಿಕೊಳ್ಳಬೇಕು ಎಂಬುದು. ಅದನ್ನು ಹತ್ತಾರು ಮಕ್ಕಳಿಗೆ ನಾನೇ ಕಲಿಸಿದ್ದೇನೆ.

"ಹಮೀದಿಚ್ಚ, ದೋಣಿ ಆನೆಯ ಹಾಗೆ ಹೋಗ್ತದೆ ಅಂದಿರಲ್ಲ. ಯಾವ ಆನೆ?"

ಅವರು ಉಳಿದಿದ್ದ ಒಂಟೆಯ ನೆತ್ತಿಯ ಮೇಲೆ ಬೆರಳಿಟ್ಟರು. "ಇದು. ಮತ್ತೆ ಯಾವುದುಂಟು?" ಬೆರಳು ಅಲ್ಲೇ ಇಟ್ಟುಕೊಂಡು, "ನೀವು ಯಾವುದರ ಹಾಗೆ ಓಡಿಸಿದ್ದು?" ಎಂದರು.

ನಾನು ಮೂಲೆಯ ಕಾಯಿ ತೋರಿಸಿದೆ.

"ನೇರವಾ?" ಅವರ ಧ್ವನಿ ಏರಿತು. ಅವರು ಧ್ವನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಹೊಳೆಯಲ್ಲಿ ದೋಣಿ ನೇರ ಹೋಗುವುದುಂಟಾ ಮಾರಾಯ್ತಿ? ನೀರಿಗೆ ಸೆಳೆತ ಇಲ್ವಾ? ಆಚೆ ದಡದ ಕಡವಿಗೆ ಮುಟ್ಟಬೇಕಾದರೆ ಅಜ್ಜ ಈಚೆಯಿಂದ ಮೇಲಕ್ಕೆ ಹೋಗಿ ಓರೆ ಬಿಡುತ್ತಿದ್ದರು. ದೋಣಿ ಯಾವಾಗಲೂ ಓರೆ. ನೇರ ಹೋಗುವುದು ಲಾರಿ! ನೀನು ಮೂರು ವಾರ ಲಾರಿ ಓಡಿಸಿ ನನ್ನ ದೋಣಿ ಮುಳುಗಿತು ಅಂದೆಯಾ?"

ಆಗಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. "ನೋಡಿ, ನಿಯಮದ ಹಾಳೆಗೆ ರುಜು ಹಾಕಿದವರು ನೀವು..." ಎಂದು ಶುರು ಮಾಡಿದ್ದೆ.

"ಇವಳು ಈಗಲೂ ವಾದ ಮಾಡ್ತಾಳಲ್ಲ!" ಐಸಮ್ಮ ಸೌಟು ಎತ್ತಿದರು. "ಮೇಲೆ ಕೂತು ಪರೀಕ್ಷೆ ಅಂತೆ, ಇವರು ಬರಬಾರದಂತೆ. ಮೂರು ವಾರದಿಂದ ಈ ಮನುಷ್ಯನಿಗೆ ಮೀನಿನ ಸಾರು ಬೇಡ, ಮಾತು ಬೇಡ. ಒಮ್ಮೆ ಕೆಳಗೆ ಇಳಿದು 'ಇಚ್ಚಾ, ಹೀಗಾ?' ಅಂತ ಕೇಳಿದರೆ ನಿನ್ನ ಬಾಯಿಯ ಮುತ್ತು ಉದುರ್ತಿತ್ತಾ?"

ಉದುರುತ್ತಿರಲಿಲ್ಲ. ನನ್ನ ಶಾಸ್ತ್ರೀಯ ಪರೀಕ್ಷೆಯ ಎರಡು ನಿಯಮಗಳಲ್ಲಿ ಒಂದನ್ನು ಮುರಿದಿದ್ದರೂ ಸಾಕಿತ್ತು. ಅವರನ್ನು ಕೋಣೆಗೆ ಬಿಟ್ಟಿದ್ದರೆ, ಇಲ್ಲವೇ ಎರಡು ನಿಮಿಷ ಇಟ್ಟು ತೋರಿಸಲು ಬಿಟ್ಟಿದ್ದರೆ. "ತಪ್ಪು ನನ್ನದೇ" ಎಂದೆ. ಹೇಳಿ ಮುಗಿಸಿದಾಗ ಭುಜದಿಂದ ಏನೋ ಕೆಳಗಿಳಿದ ಹಾಗಾಯಿತು. ವಿಚಿತ್ರ ನೋಡಿ, ನಾನು ಹೇಳಿದ್ದೇ ಸರಿ ಎಂದುಕೊಂಡ ಮೂರು ವಾರ ನನಗೆ ನಿದ್ದೆ ಸರಿಯಿರಲಿಲ್ಲ. ತಪ್ಪು ಎಂದು ಗೊತ್ತಾದ ಗಳಿಗೆಯಿಂದ ಹಸಿವಾಗತೊಡಗಿತು. ಐಸಮ್ಮ ಬೈಯುತ್ತಲೇ ನನಗೂ ಒಂದು ತಟ್ಟೆ ಬಡಿಸಿದರು.

ಹಮೀದಿಚ್ಚ ಉಣ್ಣಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ ಕೂತಿದ್ದರು, ಒರೆಸಿದ್ದನ್ನೇ ಒರೆಸುತ್ತಾ. ಆದರೆ ನಿರಾಳ ಪೂರ್ತಿ ಆಗಿರಲಿಲ್ಲ. ನೇರ ಹೋಗುವ ದೋಣಿ ಕೆಟ್ಟದ್ದೆಂದು ಸಾಬೀತಾದರೆ ಓರೆ ಹೋಗುವುದು ಒಳ್ಳೆಯದೆಂದು ಆಗುವುದಿಲ್ಲವಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ.

ಆ ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದು ಹಲಗೆ ಹಾಸಿದೆವು. ನಾನು ಒಂದು ಕಡೆ, ಐಸಮ್ಮ ಇನ್ನೊಂದು ಕಡೆ. ಕಟ್ಟಿದವರು ಈ ಸಲ ಕೋಣೆಯೊಳಗೇ. ಮಾತಾಡಬಾರದು ಎಂಬ ಷರತ್ತಿಗೆ ಒಪ್ಪಿ ಸ್ಟೂಲಿನಲ್ಲಿ ಕೂತವರು ಪ್ರತಿ ನಡೆಗೂ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಹತ್ತನೇ ಕೆಮ್ಮಿಗೆ ಐಸಮ್ಮ ಮುಖವೆತ್ತದೆ, "ಲೇಹ್ಯ ತರಬೇಕಾ?" ಎಂದರು.

ನಾನು ಮೊದಲು ನಡೆದೆ. ಹಳೆಯ ಉಪಾಯವನ್ನೇ ಹಿಡಿದೆ. ಮಂತ್ರಿಯನ್ನು ದೋಣಿಗೆ ಹತ್ತಿಸಿ ಓರೆಯಾಗಿ ಬಿಟ್ಟೆ. ಐಸಮ್ಮ ಒಂದು ಕಾಲಾಳನ್ನು ದಾರಿಗೆ ಅಡ್ಡ ಇಟ್ಟರು. ದೋಣಿ ನಡುಹೊಳೆಯಲ್ಲಿ ನಿಂತಿತು. ಅಷ್ಟರಲ್ಲಿ ಅವರ ಗುಮಾಸ್ತ ಒಂದೊಂದೇ ಮನೆ ದಾಟಿ ಬಂದು ಪಕ್ಕದಲ್ಲಿ ನಿಂತ. "ನಾಳೆ ಬಾ" ಎಂದರು ಐಸಮ್ಮ. ನನ್ನ ದೋಣಿಯೂ ಅದರಿಂದ ಇಳಿದ ಮಂತ್ರಿಯೂ ಅಲ್ಲೇ ಜಡ. ಬಿಡಿಸಿಕೊಳ್ಳಲು ಕುದುರೆ ತಂದೆ, ಅವರು ತೇರು ತಂದರು. ಮೊದಲು ನಡೆದವಳು ಗೆಲ್ಲಲಿಲ್ಲ. ಎರಡನೇ ಚಾ ಆರಿ, ಬಾಗಿಲಿನ ಕೆಳಗಿನಿಂದ ಬಂದ ಬಿಸಿಲು ಮೇಜಿನ ಕಾಲಿನವರೆಗೆ ಸರಿದ ಮೇಲೆ ನಾನು ಸೋತೆ. ಇಷ್ಟು ಹೊತ್ತು ಯೋಚಿಸಿ, ಇಷ್ಟು ಖುಷಿಯಿಂದ ನಾನು ಸೋತದ್ದಿಲ್ಲ.

"ಮತ್ತೊಂದು" ಎಂದರು ಹಮೀದಿಚ್ಚ, ತಾವೇ ಕಾಯಿ ಜೋಡಿಸುತ್ತಾ. ಈ ಸಲ ಮೊದಲ ನಡೆ ಐಸಮ್ಮನದು.

ಆ ಎರಡನೇ ಆಟದ ನಡುವೆ ನಾನು ಅದನ್ನು ಕಂಡೆ. ಅವರ ಗುಮಾಸ್ತ ಎಡದಿಂದ ಬರುತ್ತಿದ್ದಾನೆ, ನನ್ನವನು ಬಲದಿಂದ. ಇನ್ನೆರಡು ನಡೆಗೆ ಇಬ್ಬರೂ ಅಕ್ಕಪಕ್ಕ. ಅವನು ಇವನನ್ನು ಅಲುಗಲು ಬಿಡುವುದಿಲ್ಲ, ಇವನು ಅವನನ್ನು. ಸುತ್ತ ನಿಂತವರೂ ಸಿಕ್ಕಿಬಿದ್ದು ಹಲಗೆಯ ನಡುವೆ ಆಟ ಹೆಪ್ಪುಗಟ್ಟುತ್ತದೆ. ತಪ್ಪು. ಸ್ಪಷ್ಟವಾದ, ಸಾಬೀತಾಗುವ ತಪ್ಪು. ಮೊದಲಾಗಿದ್ದರೆ ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಈಗ ಹಮೀದಿಚ್ಚನ ಮುಖ ನೋಡಿದೆ, ಬಾಯಿ ಮುಚ್ಚಿಕೊಂಡೆ. ಬೇರೆ ಕಾಯಿ ನಡೆಸಿದೆ. ಐಸಮ್ಮ ಗುಮಾಸ್ತನನ್ನು ಮುಂದಿಟ್ಟರು. ಮತ್ತೆ ಬೇರೆ ಕಾಯಿ ನಡೆಸಿದೆ.

"ಎಂತ ಮೋಳೇ?" ಎಂದರು ಹಮೀದಿಚ್ಚ. "ಎಂತ ಕಂಡದ್ದು?"

"ಏನಿಲ್ಲ."

"ಏನೋ ಉಂಟು. ನೀನು ವಾದ ಮಾಡಿದರೆ ನನಗೆ ಹೆದರಿಕೆ ಇಲ್ಲ. ಸುಮ್ಮನೆ ಕೂತರೆ ಹೆದರಿಕೆ ಆಗ್ತದೆ. ಹೇಳು."

ಹೇಳಿದೆ. ಅಂಶಗಳಿಲ್ಲದೆ, ಗಂಟೆಯಿಲ್ಲದೆ, ಬೆರಳಿನಿಂದ ತೋರಿಸಿ ಹೇಳಿದೆ. ಅವರು ಸ್ಟೂಲು ಎಳೆದುಕೊಂಡು ಬಂದು ಹಲಗೆಯ ಮೇಲೆ ಬಗ್ಗಿದರು. ಗಲ್ಲ ತಿಕ್ಕಿದರು. ಹಲಗೆ ಮತ್ತೆ ಗೋಡೆಗೆ ಮುಖ ಮಾಡಿ ಹೋಗುತ್ತದೆ ಎಂದುಕೊಂಡು ನಾನು ಅದರ ಅಂಚನ್ನು ಹಿಡಿದುಕೊಂಡೆ.

"ಹೌದಲ್ಲ!" ಎಂದರು. "ಇಷ್ಟು ವರ್ಷ ನನಗೆ ಕಾಣಲೇ ಇಲ್ಲ. ಐಸಾ, ನೋಡು, ಹೌದಲ್ಲ?" ಹಾಳಾದ ಪ್ರಿಂಟೊಂದನ್ನು ಬುಟ್ಟಿಯಿಂದ ಎತ್ತಿ, ಹಿಂಬದಿ ತಿರುಗಿಸಿ, ಆಗಲೇ ಚೌಕ ಗೀಚತೊಡಗಿದ್ದರು. ನಾಳೆಗೆ ಕೆಲಸ ಸಿಕ್ಕಿದವರ ಮುಖ ಹಾಗಿರುತ್ತದೆ.

"ಅದಕ್ಕೆಂತ ಅಷ್ಟು ಲೆಕ್ಕಾಚಾರ?" ಐಸಮ್ಮ ಎರಡೂ ಗೋಂದಿನ ಮುಚ್ಚಳಗಳನ್ನು ಎತ್ತಿ ಫ್ಲಾಸ್ಕಿನ ಪಕ್ಕದಲ್ಲಿಟ್ಟರು. "ಇಬ್ಬರು ಗುಮಾಸ್ತರು ಒಟ್ಟಿಗೆ ಸಿಕ್ಕಿದರೆ ಎಂತ ಮಾಡ್ತಾರೆ? ಚಾ ಕುಡಿಲಿಕ್ಕೆ ಹೋಗ್ತಾರೆ."

ಹಮೀದಿಚ್ಚ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ನಾನು ನಿಯಮದ ಹಾಳೆ ತೆಗೆದು ಬರೆದೆ: 'ಇಬ್ಬರು ಗುಮಾಸ್ತರು ಅಕ್ಕಪಕ್ಕದ ಮನೆಗೆ ಬಂದರೆ ಇಬ್ಬರೂ ಚಾ ಕುಡಿಯಲು ಹೋದರೆಂದು ತಿಳಿದು ಹಲಗೆಯಿಂದ ತೆಗೆಯತಕ್ಕದ್ದು.' ಓದಿ ಹೇಳಿ, "ಚಾ ಅಂದರೆ ನಿಮ್ಮಲ್ಲೂ ಚಾ ತಾನೇ?" ಎಂದು ಕೇಳಿದೆ. ಇಬ್ಬರೂ ಹೌದೆಂದರು. ಆಮೇಲೇ ಪೂರ್ಣವಿರಾಮ ಹಾಕಿದ್ದು.

ಆಟ ಮುಂದುವರಿಯಿತು. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು, ನಾನು ಏಳಲಿಲ್ಲ. ಹಮೀದಿಚ್ಚ ಬಾಗಿಲಿನ ಹತ್ತಿರ ಹೋಗಿ ಫೋನು ಹಚ್ಚಿದರು. ನಮಗೆ ಬೆನ್ನು ಹಾಕಿ ಮಾತಾಡುತ್ತಿದ್ದರು, ಆದರೆ ಮೆಲ್ಲಗೆ ಮಾತಾಡುವುದು ಅವರಿಗೆ ಮರೆತುಹೋಗಿತ್ತು.

"ದಾಮೋದರಾ, ಆ ಹಲಸಿನ ತುಂಡು ಇದೆಯಾ, ಕೊಟ್ಟಾಯ್ತಾ? ... ಉಂಟಾ? ಉಂಟಲ್ಲ? ಪುಣ್ಯಾತ್ಮ! ... ಹ್ಞೂಂ, ಮಾಡುವ, ಮಾಡುವ. ಇಲ್ಲ, ಎಲ್ಲ ಒಟ್ಟಿಗೆ ಬೇಡ. ಮೊದಲು ದೋಣಿ ಮಾತ್ರ ಕಡೆದುಕೊಡು." ತಿರುಗಿ ಒಮ್ಮೆ ನನ್ನನ್ನು ನೋಡಿದರು, ಮತ್ತೆ ಫೋನಿಗೆ ಕೈ ಅಡ್ಡ ಹಿಡಿದು ಅಂದರು: "ಗುಮಾಸ್ತ ಸ್ವಲ್ಪ ನಿಲ್ಲಲಿ. ನಮ್ಮ ಹುಡುಗಿ ಇನ್ನೂ ತಪ್ಪು ಹುಡುಕ್ತಾ ಇದ್ದಾಳೆ."